ಘಾಟಿ ಹತ್ತುವಾಗ ನಿಲ್ಲುವ ಅಂಬಾಸಡರ್: ಹೊಸ ಪಾರ್ಟ್ಸ್ ಹಾಕುವ ಮೊದಲು ಇಷ್ಟು ನೋಡಿ

ನಮಸ್ಕಾರ ಸರ್. ನೀವು ಬರೆದದ್ದನ್ನು ಎರಡು ಸಲ ಓದಿದೆ. ಮಾರ್ಕ್ 3 ಅಂಬಾಸಡರ್, 1489 ಸಿಸಿ ಪೆಟ್ರೋಲ್ ಇಂಜಿನ್. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಮೊದಲು ಆಗುಂಬೆ ಘಾಟಿ ಹತ್ತುವಾಗ ಮಿಸ್ಸಿಂಗ್ (ಇಂಜಿನ್ ನಡುನಡುವೆ ಉರಿ ತಪ್ಪಿ ಮುಗ್ಗರಿಸುವುದು) ಇತ್ತು, ಆದರೆ ಗಾಡಿ ಮೇಲೆ ಹೋಗುತ್ತಿತ್ತು. ಪ್ಲಗ್, ಕಂಡೆನ್ಸರ್ (ಪಾಯಿಂಟ್ ಸುಡದಂತೆ ಕಾಯುವುದು), ಕಾಯಿಲ್ (ಸ್ಪಾರ್ಕಿಗೆ ಬೇಕಾದ ಹೆಚ್ಚು ವೋಲ್ಟೇಜ್ ಕೊಡುವುದು) ಮೂರೂ ಹೊಸದು ಹಾಕಿಸಿದ ಮೇಲೆ ಅರ್ಧ ದಾರಿಯಲ್ಲಿ ನಿಂತೇ ಹೋಗುತ್ತದೆ. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಕಾಯಿಲ್ ಮೇಲೆ ಕೈ ಇಡೋಕ್ಕಾಗಲ್ಲ ಅಂತಲೂ ಬರೆದಿದ್ದೀರಿ.

ಕಾಯಿಲ್ ಬಗ್ಗೆ ಬರೆದ ಆ ಮಾತೇ ಇಲ್ಲಿ ಮುಖ್ಯ. ಇಲ್ಲಿ ಎರಡು ತೊಂದರೆ ಸೇರಿಕೊಂಡಿವೆ ಅಂತ ನನಗೆ ಅನಿಸುತ್ತದೆ. ಹಳೆಯ ಮಿಸ್ಸಿಂಗ್ ಹಾಗೇ ಇದೆ. ಅದರ ಮೇಲೆ ಹೊಸ ಕಾಯಿಲ್ ಇನ್ನೊಂದು ತಂದಿದೆ. ದಯವಿಟ್ಟು ಇನ್ನು ಒಂದು ಪಾರ್ಟನ್ನೂ ಕೊಳ್ಳಬೇಡಿ.

ಮೊದಲು ಕಾಯಿಲ್. 12 ವೋಲ್ಟ್ ಕಾಯಿಲ್ ಅಂತ ಅಂಗಡಿಯಲ್ಲಿ ಕೊಡುವುದರಲ್ಲಿ ಎರಡು ಬಗೆ ಇವೆ. ಒಂದು ನೇರ 12 ವೋಲ್ಟಿನಲ್ಲಿ ಕೆಲಸ ಮಾಡುವಂಥದ್ದು, ಪ್ರೈಮರಿ (ಎರಡು ಸಣ್ಣ ಟರ್ಮಿನಲ್ ನಡುವಿನ ಸುತ್ತು) ಸುಮಾರು 3 ಓಮ್. ಇನ್ನೊಂದು ಬ್ಯಾಲಸ್ಟ್ ರೆಸಿಸ್ಟರ್ (ಕರೆಂಟ್ ತಗ್ಗಿಸುವ ಬಿಡಿಭಾಗ) ಜೊತೆಗೇ ಹಾಕಬೇಕಾದದ್ದು, ಸುಮಾರು 1.5 ಓಮ್. ನೋಡೋಕೆ ಎರಡೂ ಒಂದೇ ಥರ, ಅದೇ ಡಬ್ಬಿ, ಅದೇ ಮೂತಿ. ರೆಸಿಸ್ಟರ್ ಇಲ್ಲದ ಗಾಡಿಗೆ ಎರಡನೆಯದನ್ನು ಹಾಕಿದರೆ ಪಾಯಿಂಟ್ (ಪ್ಲಗ್‌ಗಳಿಗೆ ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರ್ ಒಳಗಿನ, ಕರೆಂಟ್ ಕೂಡಿಸಿ ಬಿಡಿಸುವ ಸ್ವಿಚ್) ಮುಚ್ಚಿರುವಾಗ 4 ಆಂಪಿಯರ್ ಬದಲು 8 ಆಂಪಿಯರ್ ಹರಿಯುತ್ತದೆ. ಕಾಯಿಲ್‌ನಲ್ಲಿ ಹುಟ್ಟುವ ಬಿಸಿ ಎರಡರಷ್ಟು. ಸ್ವಲ್ಪ ಹೊತ್ತು ಚೆನ್ನಾಗಿಯೇ ಓಡುತ್ತದೆ, ಸ್ಪಾರ್ಕ್ ಕೂಡ ಜೋರಾಗಿಯೇ ಇರುತ್ತದೆ. ಆಮೇಲೆ ಒಳಗಿನ ಸುತ್ತು ಬಿಸಿಯಾಗಿ ಸ್ಪಾರ್ಕ್ ಸಾಯುತ್ತದೆ. ತಣ್ಣಗಾದರೆ ಮತ್ತೆ ಜೀವ. ನಿಮ್ಮ ಗಾಡಿಯ ಕಥೆ ಇದಕ್ಕೆ ಸರಿಯಾಗಿ ಹೊಂದುತ್ತದೆ.

ಪರೀಕ್ಷೆ ಸುಲಭ. ಇಗ್ನಿಷನ್ ಆಫ್ ಮಾಡಿ, ಕಾಯಿಲ್‌ನ ಎರಡೂ ಸಣ್ಣ ವೈರ್ ಬಿಚ್ಚಿ. ಮಲ್ಟಿಮೀಟರನ್ನು 200 ಓಮ್‌ಗೆ ಇಟ್ಟು, ಮೊದಲು ಅದರ ಎರಡು ಮೊನೆಗಳನ್ನು ಒಂದಕ್ಕೊಂದು ತಾಗಿಸಿ. ಕಮ್ಮಿ ಬೆಲೆಯ ಮೀಟರ್ ಆಗ 0.3, 0.5 ಅಂತೇನೋ ತೋರಿಸುತ್ತದೆ. ಅದನ್ನು ಕಳೆಯಲೇಬೇಕು, ಇಲ್ಲದಿದ್ದರೆ ಇಷ್ಟು ಸಣ್ಣ ಅಳತೆಯಲ್ಲಿ ಮೋಸ ಹೋಗುತ್ತೀರಿ. ನಂತರ ಎರಡು ಸಣ್ಣ ಟರ್ಮಿನಲ್ ನಡುವೆ ಅಳೆಯಿರಿ. ಒಂದೂವರೆ ಹತ್ತಿರ ಬಂದರೆ ಆ ಕಾಯಿಲ್ ನಿಮ್ಮ ಗಾಡಿಗಲ್ಲ. ಯಾರಾದರೂ ಹಿಂದೆ ಬಿಳಿ ಪಿಂಗಾಣಿ ರೆಸಿಸ್ಟರ್ ಅಥವಾ ರೆಸಿಸ್ಟರ್ ವೈರ್ ಹಾಕಿಸಿದ್ದರೆ ಮಾತು ಬೇರೆ, ಅದನ್ನೂ ನೋಡಿಕೊಳ್ಳಿ. ಹಳೆಯ ಕಾಯಿಲ್ ಎಸೆದಿಲ್ಲ ಅಲ್ವಾ? ಅದನ್ನೂ ಅಳೆಯಿರಿ. 3 ಓಮ್ ಹತ್ತಿರ ಇದ್ದರೆ ಅದನ್ನೇ ವಾಪಸ್ ಹಾಕಿ.

ಹಾಕುವಾಗ ವೈರ್ ಅದಲುಬದಲು ಮಾಡಬೇಡಿ. ಬ್ಯಾಟರಿಯ ನೆಗೆಟಿವ್ ಬಾಡಿಗೆ ಹೋಗಿದ್ದರೆ ಕಾಯಿಲ್‌ನ ಮೈನಸ್ ಗುರುತಿನ ಕಡೆಯಿಂದ ಡಿಸ್ಟ್ರಿಬ್ಯೂಟರ್‌ಗೆ ವೈರ್ ಹೋಗಬೇಕು. ಉಲ್ಟಾ ಇದ್ದರೂ ಗಾಡಿ ಓಡುತ್ತದೆ, ಆದರೆ ಸ್ಪಾರ್ಕ್ ಕಷ್ಟಪಟ್ಟು ಹಾರುತ್ತದೆ. ಏರಿನಲ್ಲಿ ಇಂಜಿನ್ ಮೇಲೆ ಭಾರ ಬಿದ್ದಾಗ ಅದು ಗೊತ್ತಾಗುತ್ತದೆ.

ಈಗ ಹಳೆಯ ಮಿಸ್ಸಿಂಗ್. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಆ ಪಾಯಿಂಟ್ (ಸಿಬಿ ಪಾಯಿಂಟ್ ಅಂತಲೂ ಹೇಳುತ್ತಾರೆ) ನೋಡಿ. 8 ಆಂಪಿಯರ್ ಹರಿದಿದ್ದರೆ ಅದೂ ಸುಟ್ಟು ಕಪ್ಪಾಗಿರುತ್ತದೆ. ಒಂದು ಕಡೆ ಸಣ್ಣ ಗುಂಡಿ, ಇನ್ನೊಂದು ಕಡೆ ಮೊಳಕೆ ಥರ ಉಬ್ಬು ಇದ್ದರೆ ನಯವಾದ ಫೈಲ್‌ನಲ್ಲಿ ಉಬ್ಬನ್ನು ಮಾತ್ರ ತೆಗೆಯಿರಿ. ಜಾಸ್ತಿ ಸುಟ್ಟಿದ್ದರೆ ಹೊಸದೇ ಒಳ್ಳೆಯದು. ಎಮರಿ ಪೇಪರ್ ಬೇಡ, ಅದರ ಪುಡಿ ಪಾಯಿಂಟ್‌ನಲ್ಲಿ ಕೂರುತ್ತದೆ. ಫೈಲ್ ಮಾಡಿದ ಮೇಲೆ ವಿಸಿಟಿಂಗ್ ಕಾರ್ಡನ್ನು ಪಾಯಿಂಟ್ ನಡುವೆ ಇಟ್ಟು ಎಳೆಯಿರಿ, ಕಪ್ಪು ಗೆರೆ ಬರುವುದು ನಿಲ್ಲುವ ತನಕ.

ಪಾಯಿಂಟ್ ಪೂರ್ತಿ ತೆರೆದಾಗಿನ ಗ್ಯಾಪ್ 14ರಿಂದ 16 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ), ಅಂದರೆ ಸುಮಾರು 0.35ರಿಂದ 0.4 ಮಿಲಿಮೀಟರ್. ಪಾಯಿಂಟ್‌ನ ಹಿಮ್ಮಡಿ (ಕ್ಯಾಮ್‌ಗೆ ತಾಗುವ ತುಂಡು) ಕ್ಯಾಮ್‌ನ, ಅಂದರೆ ಪಾಯಿಂಟನ್ನು ತೆರೆಯುವ ತಿರುಗು ಕಂಬದ, ತುದಿಯ ಮೇಲೆ ಬಂದಾಗಲೇ ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿ) ಹಾಕಬೇಕು. ಕ್ಯಾಮ್‌ಗೆ ಚೂರೇ ಚೂರು ಗ್ರೀಸ್ ಹಚ್ಚಿ, ಒಣಗಿದ್ದರೆ ಹಿಮ್ಮಡಿ ಸವೆದು ಗ್ಯಾಪ್ ಬೇಗ ಕಮ್ಮಿಯಾಗುತ್ತದೆ. ಗ್ಯಾಪ್ ಕಮ್ಮಿಯಾದರೆ ಟೈಮಿಂಗ್ (ಸ್ಪಾರ್ಕ್ ಹಾರುವ ಹೊತ್ತು) ಹಿಂದೆ ಬೀಳುತ್ತದೆ, ಗಾಡಿ ಏರಿನಲ್ಲಿ ಎಳೆಯುವುದಿಲ್ಲ, ಬಿಸಿಯೂ ಜಾಸ್ತಿ. ಹಾಗಾಗಿ ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ. ಈ ಕ್ರಮ ತಪ್ಪಿಸಬೇಡಿ.

ಕ್ಯಾಪ್ ತೆಗೆದಾಗಲೇ ಇನ್ನೊಂದು ನೋಡಿಬಿಡಿ. ಈ ಹಳೆ ಡಿಸ್ಟ್ರಿಬ್ಯೂಟರ್‌ಗಳಲ್ಲಿ ಇದನ್ನು ತುಂಬ ಜನ ಬಿಟ್ಟುಬಿಡುತ್ತಾರೆ. ಹೊರಗಿನಿಂದ ಪಾಯಿಂಟ್‌ಗೆ ಒಂದು ಗೇಣೂ ಇಲ್ಲದ ಪುಟ್ಟ ವೈರ್ ಹೋಗುತ್ತದೆ. ಪಾಯಿಂಟ್ ಕೂತ ತಟ್ಟೆಯಿಂದ ಬಾಡಿಗೆ ಹೆಣೆದ ಇನ್ನೊಂದು ಅರ್ಥ್ ವೈರ್ ಇರುತ್ತದೆ. ಆಕ್ಸಿಲರೇಟರ್ ಒತ್ತಿ ಬಿಟ್ಟಾಗಲೆಲ್ಲ ವ್ಯಾಕ್ಯೂಮ್ (ಇಂಜಿನ್ ಗಾಳಿ ಎಳೆಯುವ ಸೆಳೆತ) ಆ ತಟ್ಟೆಯನ್ನು ತಿರುಗಿಸುತ್ತದೆ, ಎರಡೂ ವೈರ್ ಬಗ್ಗುತ್ತವೆ. ವರ್ಷಗಟ್ಟಲೆ ಬಗ್ಗಿ ಬಗ್ಗಿ ಒಳಗಿನ ಎಳೆ ತುಂಡಾಗಿರುತ್ತದೆ, ಮೇಲಿನ ಹೊದಿಕೆ ಮಾತ್ರ ನೆಟ್ಟಗೇ ಕಾಣುತ್ತದೆ. ಮನೆ ಮುಂದೆ ಐಡ್ಲಿಂಗ್‌ನಲ್ಲಿ ಎಲ್ಲ ಸರಿ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಬಿಡುವಾಗ ತಟ್ಟೆ ಅತ್ತಿತ್ತ ಜರುಗುತ್ತದೆ, ಎಳೆ ಬಿಟ್ಟುಕೊಳ್ಳುತ್ತದೆ, ಮಿಸ್ಸಿಂಗ್ ಶುರು. ನಿಮ್ಮ ಹಳೆಯ ತೊಂದರೆಗೆ ನನ್ನ ಅನುಮಾನ ಇದರ ಮೇಲೆಯೇ.

ಇದನ್ನು ಹಿಡಿಯಲು 12 ವೋಲ್ಟ್ ಟೆಸ್ಟ್ ಲ್ಯಾಂಪ್ ಒಂದು ಸಾಕು. ಹಳೆ ಇಂಡಿಕೇಟರ್ ಬಲ್ಬಿಗೆ ಎರಡು ವೈರ್ ಬೆಸುಗೆ ಹಾಕಿದರೂ ಆಯಿತು. ಒಂದು ಕೊನೆ ಕಾಯಿಲ್‌ನ ಡಿಸ್ಟ್ರಿಬ್ಯೂಟರ್ ಕಡೆಯ ಟರ್ಮಿನಲ್‌ಗೆ, ಇನ್ನೊಂದು ಇಂಜಿನ್‌ನ ಬರಿ ಲೋಹಕ್ಕೆ. ಪಾಯಿಂಟ್ ಮುಚ್ಚಿರುವ ಹಾಗೆ ಇಂಜಿನ್ ನಿಲ್ಲಿಸಿ, ಇಗ್ನಿಷನ್ ಆನ್ ಮಾಡಿ. ಬಲ್ಬ್ ಉರಿಯಬಾರದು. ಈಗ ಆ ತಟ್ಟೆಯನ್ನು ಬೆರಳಿನಲ್ಲಿ ಅತ್ತಿತ್ತ ತಿರುಗಿಸಿ, ಪುಟ್ಟ ವೈರನ್ನು ಮೆಲ್ಲಗೆ ಅಲ್ಲಾಡಿಸಿ. ಬಲ್ಬ್ ಮಿಣುಕಿದರೆ ಕಳ್ಳ ಸಿಕ್ಕಿದ. ಬದಲಿಗೆ ಹಾಕುವ ವೈರ್ ಸಣ್ಣ ಎಳೆಗಳ, ಚೆನ್ನಾಗಿ ಬಳುಕುವ ವೈರ್ ಆಗಿರಲಿ. ಮನೆ ವೈರಿಂಗಿನ ಗಟ್ಟಿ ತಂತಿ ಬೇಡ. ವಾಪಸ್ ಜೋಡಿಸುವಾಗ ಫೈಬರ್ ವಾಷರ್‌ಗಳ ಕ್ರಮ ಬದಲಾಗಬಾರದು, ಬಿಚ್ಚುವ ಮೊದಲು ಫೋಟೊ ತೆಗೆದುಕೊಳ್ಳಿ. ಈ ಕೆಲಸ ಮಾಡುವಾಗ ಇಗ್ನಿಷನ್ ಸುಮ್ನೆ ಆನ್‌ನಲ್ಲಿ ಬಿಡಬೇಡಿ, ಪಾಯಿಂಟ್ ಮುಚ್ಚಿದ್ದರೆ ಕಾಯಿಲ್ ಕಾಯುತ್ತಲೇ ಇರುತ್ತದೆ.

ರೋಟರ್ (ಕ್ಯಾಪ್ ಒಳಗೆ ತಿರುಗುವ ತುಂಡು) ಮತ್ತು ಕ್ಯಾಪ್‌ಗೆ ಹೆಚ್ಚು ಹೊತ್ತು ಬೇಡ. ಕ್ಯಾಪ್ ಒಳಗೆ ಪೆನ್ಸಿಲ್ ಗೆರೆಯಂಥ ಕಪ್ಪು ಬಿರುಕು ಇದೆಯಾ, ನಡುವಿನ ಕಾರ್ಬನ್ ಒತ್ತಿದರೆ ಸ್ಪ್ರಿಂಗ್‌ನಂತೆ ವಾಪಸ್ ಬರುತ್ತದಾ ನೋಡಿ. ನಿಮ್ಮ ಕಡೆಯ ಮಳೆಗಾಲದ ತೇವಕ್ಕೆ ಬಿರುಕು ಬಿಟ್ಟ ಕ್ಯಾಪ್ ತಡೆಯುವುದಿಲ್ಲ. ಪ್ಲಗ್ ಲೀಡ್‌ಗಳನ್ನು ರಾತ್ರಿ ಕತ್ತಲೆಯಲ್ಲಿ ಬಾನೆಟ್ ಎತ್ತಿ ನೋಡಿ, ಸೋರಿಕೆ ಇದ್ದರೆ ನೀಲಿ ಕಿಡಿ ಕಣ್ಣಿಗೇ ಕಾಣುತ್ತದೆ. ಬಿಚ್ಚಿ ಹಾಕುವಾಗ ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಿಗೆ ಸ್ಪಾರ್ಕ್ ಹೋಗುವ ಕ್ರಮ) 1-3-4-2, ರೋಟರ್ ತಿರುಗುವುದು ಗಡಿಯಾರದ ಮುಳ್ಳಿಗೆ ವಿರುದ್ಧ, ಒಂದನೇ ಸಿಲಿಂಡರ್ ರೇಡಿಯೇಟರ್ ಕಡೆಯದು. ಹೊಸ ಕಂಡೆನ್ಸರ್ ಅನ್ನೂ ಕಣ್ಣುಮುಚ್ಚಿ ನಂಬಬೇಡಿ. ಹಳೆಯದು ಇದ್ದರೆ ಗ್ಲೋವ್ ಬಾಕ್ಸ್‌ನಲ್ಲಿರಲಿ. ಬಿಸಿಯಾದಾಗ ಮಾತ್ರ ಕೈಕೊಡುವ ಕಂಡೆನ್ಸರ್ ಮೀಟರ್‌ಗೆ ಸಿಗುವುದಿಲ್ಲ, ಬದಲಿಸಿ ನೋಡುವುದೇ ದಾರಿ.

ಇಷ್ಟಾದ ಮೇಲೂ ಘಾಟಿಯಲ್ಲಿ ನಿಂತರೆ ಆ ಅರ್ಧ ಗಂಟೆಯನ್ನು ಚಹಾ ಕುಡಿದು ಕಳೆಯಬೇಡಿ. ತಣ್ಣಗಾದ ಗಾಡಿ ಏನೂ ಹೇಳುವುದಿಲ್ಲ, ಗ್ಯಾರೇಜಿಗೆ ತಂದಾಗ ಎಲ್ಲ ಸರಿಯಾಗಿಯೇ ಇರುತ್ತದೆ. ಹೇರ್‌ಪಿನ್ ತಿರುವಿನಲ್ಲಿ ಅಲ್ಲ, ಅಗಲ ಇರುವ ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಕ್ಯಾಪ್‌ನ ನಡುವಿನ ದಪ್ಪ ಲೀಡ್ ಕಿತ್ತು, ಹಿಡಿ ಇನ್ಸುಲೇಷನ್ ಇರುವ ಕಟಿಂಗ್ ಪ್ಲೇಯರ್‌ನಲ್ಲಿ ಹಿಡಿದು, ಇಂಜಿನ್ ಬ್ಲಾಕಿನಿಂದ 6 ಮಿಲಿಮೀಟರ್ ದೂರ ಇಟ್ಟು ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ಕಾರ್ಬುರೇಟರ್‌ನಿಂದ ದೂರ ಇರಲಿ, ಪೆಟ್ರೋಲ್ ವಾಸನೆ ಇದ್ದರೆ ಇದನ್ನು ಮಾಡಲೇಬೇಡಿ. ನೀಲಿ ಕಿಡಿ ಟಕ್ ಟಕ್ ಅಂತ ಹಾರಿದರೆ ಕಾಯಿಲ್ ತನಕ ಎಲ್ಲ ಸರಿ, ಪೆಟ್ರೋಲ್ ಕಡೆ ತಿರುಗಿ. ಟ್ಯಾಂಕ್ ಮುಚ್ಚಳ ಬಿಚ್ಚಿ. ಬುಸ್ ಅಂತ ಗಾಳಿ ಒಳಗೆ ಹೋದರೆ ಗಾಳಿ ಕಿಂಡಿ ಕಟ್ಟಿಕೊಂಡಿದೆ. ಅದೂ ಇದೇ ಥರ ಗಾಡಿ ನಿಲ್ಲಿಸುತ್ತದೆ.

ಕಿಡಿ ಇಲ್ಲದಿದ್ದರೆ ಅದೇ ಬಲ್ಬನ್ನು ಕಾಯಿಲ್‌ನ ಸ್ವಿಚ್ ಕಡೆಗೆ ಹಾಕಿ. ಉರಿಯದಿದ್ದರೆ ಕೀ ಸ್ವಿಚ್ ಅಥವಾ ಅದರ ವೈರ್. ಉರಿದರೆ ಡಿಸ್ಟ್ರಿಬ್ಯೂಟರ್ ಕಡೆಗೆ ಹಾಕಿ ಸೆಲ್ಫ್ ಹೊಡೆಯಿರಿ. ಉರಿದು ಆರಿ ಮಿನುಗಿದರೆ ಪಾಯಿಂಟ್ ಕೆಲಸ ಮಾಡುತ್ತಿದೆ, ಕಾಯಿಲ್ ಅಥವಾ ಕಂಡೆನ್ಸರ್ ನೋಡಬೇಕು. ಆರದೆ ಉರಿಯುತ್ತಲೇ ಇದ್ದರೆ ಪಾಯಿಂಟ್‌ಗೆ ಅರ್ಥ್ ಸಿಗುತ್ತಿಲ್ಲ. ಉರಿಯಲೇ ಇಲ್ಲವೆಂದರೆ ಕಾಯಿಲ್ ಒಳಗೆ ಕಡಿದಿದೆ, ಇಲ್ಲವೇ ಪಾಯಿಂಟ್ ಕಡೆ ಶಾರ್ಟ್ ಆಗಿದೆ.

ಪಾಯಿಂಟ್ ಬದಲು ಎಲೆಕ್ಟ್ರಾನಿಕ್ ಕಿಟ್ ಹಾಕಿಸಲಾ ಅಂತ ಕೇಳಿದ್ದಿರಿ. ಒಳ್ಳೆಯದೇ, ಆದರೆ ಈಗಲೇ ಬೇಡ. ಅದಕ್ಕೂ ಇದೇ ಕಾಯಿಲ್, ಇದೇ ಕ್ಯಾಪ್, ಇದೇ ಸ್ವಿಚ್. ತಪ್ಪು ಕಾಯಿಲ್ ಇದ್ದರೆ ಕಿಟ್ ಸುಟ್ಟೇ ಹೋಗಬಹುದು.

ಎರಡೂ ಕಾಯಿಲ್‌ಗಳ ಓಮ್ ರೀಡಿಂಗ್, ಜೊತೆಗೆ ಕ್ಯಾಪ್ ತೆಗೆದ ಡಿಸ್ಟ್ರಿಬ್ಯೂಟರ್ ಒಳಗಿನ ಫೋಟೊ ಹಾಕಿ. ಆ ಪುಟ್ಟ ವೈರ್ ಕಾಣುವ ಹಾಗೆ ತೆಗೆಯಿರಿ.