ಪಕ್ ಕಟ್ಟಡ ಮತ್ತು ಕಲ್ಲಚ್ಚು

ಪ್ರಶ್ನೆ: ನ್ಯೂಯಾರ್ಕಿನ ಹೌಸ್ಟನ್ ಬೀದಿಯ ಮೂಲೆಯಲ್ಲಿ ಒಂದು ಕೆಂಪು ಇಟ್ಟಿಗೆಯ ಕಟ್ಟಡವಿದೆ. ಅದರ ಮೇಲೆ ನಿಂತ ಚಿನ್ನದ ಬಣ್ಣದ ಹುಡುಗ ಯಾರು?

ಉತ್ತರ: ಅವನೇ ಪಕ್, ಶೇಕ್ಸ್‌ಪಿಯರನ ನಾಟಕದ ತುಂಟ. ಜೋಸೆಫ್ ಕೆಪ್ಲರ್ ತನ್ನ ವ್ಯಂಗ್ಯಚಿತ್ರ ವಾರಪತ್ರಿಕೆಗೆ ಇಟ್ಟ ಹೆಸರೂ ಅದೇ. ಪತ್ರಿಕೆ ನ್ಯೂಯಾರ್ಕಿನಲ್ಲಿ 1876ರಲ್ಲಿ ಜರ್ಮನ್ ಭಾಷೆಯಲ್ಲಿ ಶುರುವಾಯಿತು, ಮರುವರ್ಷ ಇಂಗ್ಲಿಷಿನಲ್ಲೂ ಬಂತು, 1918ರಲ್ಲಿ ನಿಂತಿತು. ಪ್ರತಿಮೆಯ ತಲೆಗೆ ಎತ್ತರದ ಟೋಪಿ, ಒಂದು ಕೈಗೆ ಕನ್ನಡಿ, ಇನ್ನೊಂದಕ್ಕೆ ಲೇಖನಿ. ಶಿಲ್ಪಿ ಹೆನ್ರಿ ಬೇರರ್.

ಪ್ರಶ್ನೆ: ಒಂದು ಪತ್ರಿಕೆಗೆ ಅಷ್ಟು ದೊಡ್ಡ ಕಟ್ಟಡ ಯಾಕೆ ಬೇಕಾಯಿತು? ಆಗ ಬಣ್ಣದ ಚಿತ್ರಗಳನ್ನು ಹೇಗೆ ಅಚ್ಚು ಹಾಕುತ್ತಿದ್ದರು?

ಉತ್ತರ: ಅದು ಬರೀ ಕಚೇರಿಯಲ್ಲ, ಅಚ್ಚುಕೂಟವೂ ಹೌದು. ಚಿತ್ರಗಳನ್ನು ಅಚ್ಚು ಹಾಕುತ್ತಿದ್ದ ಆಟ್‌ಮನ್ ಕಂಪನಿ ಅಲ್ಲೇ ಇತ್ತು. ಬಣ್ಣದ ಚಿತ್ರವೆಲ್ಲ ಕಲ್ಲಚ್ಚು. ನುಣುಪಾಗಿ ಉಜ್ಜಿದ ಸುಣ್ಣಕಲ್ಲಿನ ಚಪ್ಪಡಿಯ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರವನ್ನು ಎಡಬಲ ತಿರುವುಮುರುವಾಗಿ ಬರೆಯಬೇಕು. ಆಮೇಲೆ ಅರೇಬಿಕ್ ಗೋಂದಿಗೆ ತುಸು ನೈಟ್ರಿಕ್ ಆಮ್ಲ ಬೆರೆಸಿ ಸವರುತ್ತಾರೆ. ಕಲ್ಲನ್ನು ಒದ್ದೆ ಮಾಡಿ ಶಾಯಿಯ ರೋಲರ್ ಉರುಳಿಸಿದರೆ ಜಿಡ್ಡಿದ್ದ ಕಡೆ ಮಾತ್ರ ಶಾಯಿ ಹಿಡಿಯುತ್ತದೆ, ಉಳಿದ ಕಡೆ ನೀರು ಅದನ್ನು ದೂಡುತ್ತದೆ. ಆಮ್ಲ ಹೆಚ್ಚಾದರೆ ನವಿರಾದ ಗೆರೆಗಳು ಸುಟ್ಟುಹೋಗುತ್ತವೆ; ಕಡಿಮೆಯಾದರೆ, ಇಲ್ಲವೇ ನಡುವೆ ಕಲ್ಲು ಒಣಗಿದರೆ, ಖಾಲಿ ಜಾಗವೂ ಮಸಿಯಾಗುತ್ತದೆ.

ಬಣ್ಣಕ್ಕೊಂದು ಕಲ್ಲು. ಐದು ಬಣ್ಣವಿದ್ದರೆ ಅದೇ ಹಾಳೆ ಐದು ಸಲ ಯಂತ್ರಕ್ಕೆ ಹೋಗಿಬರಬೇಕು. ಅಂಚಿನ ಕೂಡುಗುರುತುಗಳು ಪ್ರತಿ ಸಲವೂ ಒಂದರ ಮೇಲೊಂದು ಕೂರಬೇಕು. ನಿಜವಾದ ಕಷ್ಟ ಇಲ್ಲೇ ಇದೆ: ಗಾಳಿಯ ತೇವಕ್ಕೆ ಹಾಳೆ ಹಿಗ್ಗಿದರೆ ಮೂಗಿನ ಕೆಂಪು ಕೆನ್ನೆಗೆ ಸರಿಯುತ್ತದೆ. ಕಲ್ಲು, ಯಂತ್ರ, ಕಾಗದದ ಹೊರೆ ಎಲ್ಲವನ್ನೂ ಹೊರಲು ಗಟ್ಟಿ ನೆಲ ಬೇಕು. ಬಣ್ಣ ನೋಡಲು ಹಗಲ ಬೆಳಕು ಬೇಕು. ವಾಸ್ತುಶಿಲ್ಪಿ ಆಲ್ಬರ್ಟ್ ವಾಗ್ನರ್ 1885–86ರಲ್ಲಿ ಕಟ್ಟಿಸಿದ ಆ ಸಾಲುಸಾಲು ಕಮಾನು ಕಿಟಕಿಗಳನ್ನು ಬರಿಯ ಅಲಂಕಾರವೆಂದು ನೋಡಬಾರದು.

ಕಲ್ಲಚ್ಚು ನಮಗೂ ಹೊಸತಲ್ಲ. 1843ರ 'ಮಂಗಳೂರ ಸಮಾಚಾರ' ಬಾಸೆಲ್ ಮಿಷನ್ನಿನ ಕಲ್ಲಿನಿಂದಲೇ ಮೂಡಿತು.

ಪ್ರಶ್ನೆ: ಕಟ್ಟಡದ ಒಂದು ಭಾಗವನ್ನು ಕೆಡವಿದ್ದು ನಿಜವೇ?

ಉತ್ತರ: ನಿಜ. 1892–93ರಲ್ಲಿ ದಕ್ಷಿಣಕ್ಕೆ ಒಂಬತ್ತು ಅಂತಸ್ತಿನ ಭಾಗ ಸೇರಿತು, ಮೊದಲಿನದು ಏಳು. ಕೆಲವೇ ವರ್ಷಗಳಲ್ಲಿ ಈಗಿನ ಲಾಫಯೆಟ್ ಬೀದಿಗೆ ದಾರಿ ಮಾಡಲು ಪಡುವಣ ಭಾಗವನ್ನು ಒಡೆದು, ಅಲ್ಲಿ ಹೊಸ ಮುಖ ಕಟ್ಟಿದರು. ಆ ಬಾಗಿಲ ಮೇಲೂ ಒಬ್ಬ ಪಕ್ ಇದ್ದಾನೆ, ಮೂಲೆಯವನಿಗಿಂತ ಚಿಕ್ಕವನು.