ಮಾರುವ ಗಾಡಿ ತಾನೇ ಅಂತ ನಾನೂ ಅಂದುಕೊಂಡಿದ್ದೆ

ನಿಮ್ಮದು ಹದಿನೇಳು ವರ್ಷದ ಕಾರು, ಅಡಿಯಲ್ಲಿ ಚಕ್ರಗಳಿಗೆ ಬ್ರೇಕ್ ಆಯಿಲ್ ಒಯ್ಯುವ ಬ್ರೇಕ್ ಪೈಪ್ ಎಲ್ಲ ತುಕ್ಕು, ಭಾನುವಾರ ಒಬ್ಬರು ನೋಡಲು ಬರುತ್ತಾರೆ. ರಿಪೇರಿ ಮಾಡಿಸಿ ಮಾರಲೋ, ಹಾಗೇ ಕೊಟ್ಟು ಹತ್ತು ಸಾವಿರ ಕಡಿಮೆ ಮಾಡಲೋ ಎಂದು ಕೇಳಿದ್ದೀರಿ. ಓದುತ್ತಿದ್ದ ಹಾಗೆ ನನಗೆ 2021ರ ಅಕ್ಟೋಬರ್ ನೆನಪಾಯಿತು. ನಾನೂ ಇದೇ ಲೆಕ್ಕ ಹಾಕುತ್ತಾ ಜಗಲಿಯಲ್ಲಿ ಕೂತಿದ್ದೆ.

ನಮ್ಮ ಮನೆ ಮಲ್ಪೆ ಹತ್ತಿರ. ಕಾರು ಅಪ್ಪ 2004ರಲ್ಲಿ ತೆಗೆದ ಮಾರುತಿ 800. ಹದಿನೈದು ವರ್ಷ ತುಂಬಿದಾಗ ಆರ್‌ಟಿಒದಲ್ಲಿ ಮತ್ತೆ ಐದು ವರ್ಷಕ್ಕೆ ರಿನ್ಯೂ ಮಾಡಿಸಿದ್ದೆವು. ಹಾಗಾಗಿ ಕಾಗದಪತ್ರ ಸರಿ ಇತ್ತು. ಅಪ್ಪ ವಾರಕ್ಕೊಮ್ಮೆ ತೊಳೆದು ಒರೆಸುತ್ತಿದ್ದರು, ಹಾಗಾಗಿ ನೋಡಲಿಕ್ಕೂ ಚಂದ ಇತ್ತು. ಮೇಲಿಂದ ಮಾತ್ರ. ಬಗ್ಗಿ ಅಡಿ ನೋಡಿದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ.

ನೀವು ಯಾವ ಊರು ಅಂತ ಬರೆದಿಲ್ಲ. ಕರಾವಳಿಯವರಾದರೆ ಹೇಳಬೇಕಾಗಿಲ್ಲ, ಇಲ್ಲಿ ಗಾಳಿಯಲ್ಲೇ ಉಪ್ಪು. ಅದು ಸಾಲದು ಅಂತ ಬಂದರಿನಿಂದ ಹೊರಡುವ ಮೀನಿನ ಲಾರಿಗಳು ಐಸ್ ಕರಗಿದ ನೀರನ್ನು ದಾರಿಯುದ್ದಕ್ಕೂ ಸುರಿಸಿಕೊಂಡು ಹೋಗುತ್ತವೆ. ಹಿಂದೆ ಹೋದವನ ಕಾರಿನ ಅಡಿಗೆಲ್ಲ ಅದೇ ಅಭಿಷೇಕ. ಮತ್ತೆ ನಾಲ್ಕು ತಿಂಗಳ ಮಳೆ. ಪೈಪನ್ನು ಹಿಡಿದಿಡುವ ಕ್ಲಿಪ್ಪಿನ ಸಂದಿಯಲ್ಲಿ ಕೆಂಪು ಮಣ್ಣು ಕೂತುಬಿಟ್ಟರೆ ದೀಪಾವಳಿಯವರೆಗೆ ಒಣಗುವುದಿಲ್ಲ. ತುಕ್ಕು ಶುರುವಾಗುವುದು ಅಲ್ಲೇ, ಕಣ್ಣಿಗೆ ಕಾಣದ ಜಾಗದಲ್ಲಿ.

ನನ್ನ ಕಾರಿನಲ್ಲಿ ಬ್ರೇಕ್ ಆಯಿಲ್ ಕಡಿಮೆಯಾಗುತ್ತಿತ್ತು. ವಾರಕ್ಕೆ ಬೆರಳಿನಷ್ಟು. ನಾನು ಬಾಟಲಿ ತಂದಿಟ್ಟುಕೊಂಡು ಸುರಿಯುತ್ತಾ ಇದ್ದೆ. ಇಂಜಿನ್ ಆಯಿಲ್ ಬೇಕಾದರೆ ಇಂಜಿನ್ ತಿನ್ನಬಹುದು, ಬ್ರೇಕ್ ಆಯಿಲನ್ನು ಯಾರೂ ತಿನ್ನುವುದಿಲ್ಲ. ಬ್ರೇಕ್ ಸವೆದಂತೆ ಮಟ್ಟ ನಿಧಾನಕ್ಕೆ ಸ್ವಲ್ಪ ಇಳಿಯುತ್ತದೆ, ಅಷ್ಟೇ. ವಾರ ವಾರ ಇಳಿದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಇದು ನನಗೆ ಆಗ ಹೊಳೆಯಲಿಲ್ಲ ಅಂತಲ್ಲ. ಹೊಳೆಯುವುದು ಬೇಡ ಅಂತ ಇತ್ತು.

ಕೊನೆಗೆ ಪರಿಚಯದ ಮೆಕ್ಯಾನಿಕ್ ಹತ್ತಿರ ಒಯ್ದೆ. ಅವರು ಕಾರನ್ನು ಎತ್ತಿ ಟಾರ್ಚ್ ಹಿಡಿದರು. ಹಿಂದಿನ ಎಡ ಚಕ್ರದ ಹತ್ತಿರ ಪೈಪ್ ಒದ್ದೆಯಾಗಿತ್ತು. ಸ್ಕ್ರೂಡ್ರೈವರ್ ತುದಿಯಿಂದ ಸುಮ್ನೆ ಕೆರೆದರು, ಹಲಸಿನ ಮರದ ತೊಗಟೆಯ ಹಾಗೆ ಪದರ ಪದರವಾಗಿ ಉದುರಿತು.

"ಇದೆಲ್ಲ ಹೋಗಿದೆ ಮಾರಾಯ್ರೇ. ಮುಂದಿನಿಂದ ಹಿಂದಿನವರೆಗೆ ಪೂರಾ ಬದಲು ಮಾಡುವ. ನಾಲ್ಕೂವರೆ ಸಾವಿರ ಆದೀತು."

"ಮಾರುವ ಗಾಡಿಗೆ ಎಂತಕ್ಕೆ ಅಷ್ಟು? ಸೋರುವ ತುಂಡು ಮಾತ್ರ ಹಾಕಿ."

ಅವರು ನನ್ನ ಮುಖ ನೋಡಿದರು. "ಮತ್ತೆ ನನ್ನನ್ನು ಹೇಳಬೇಡಿ" ಅಂದರು. ಒಂಬೈನೂರು ರೂಪಾಯಿಗೆ ಕೆಲಸ ಮುಗಿಯಿತು. ಜೊತೆಗೆ ಅಡಿಗೆಲ್ಲ ಕಪ್ಪು ಕೋಟಿಂಗ್ ಹೊಡೆಸಿದೆ. ನೋಡಲು ಬರುವವರು ಬಗ್ಗಿದರೆ ಚಂದ ಕಾಣಲಿ ಅಂತ.

ನನ್ನ ತಪ್ಪು ಇದೇ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಬೇಸರ ಮಾಡಬೇಡಿ. ದುಡ್ಡು ಉಳಿಸಿದ್ದು ತಪ್ಪು ಅಂತ ನೀವು ತಿಳಿಯಬಹುದು. ಅದಲ್ಲ. ಅರ್ಧ ರಿಪೇರಿಯಿಂದ ಕಾರು ಮೊದಲಿಗಿಂತ ಜಾಸ್ತಿ ಅಪಾಯದ್ದಾಯಿತು.

ಬ್ರೇಕ್ ಪೈಪ್ ಎಂದರೆ ಪೆನ್ಸಿಲಿಗಿಂತ ಸಪೂರದ ಉಕ್ಕಿನ ನಳಿಗೆ. ಸಾಮಾನ್ಯವಾಗಿ 4.75 ಮಿಲಿಮೀಟರ್. ಗೋಡೆಯ ದಪ್ಪ ಒಂದು ಮಿಲಿಮೀಟರ್ ಕೂಡ ಇಲ್ಲ. ಪೆಡಲನ್ನು ಜೋರಾಗಿ ಒತ್ತಿದಾಗ ಟಯರಿನ ಒಳಗೆ ಇರುವುದರ ಮೂವತ್ತು ಪಟ್ಟು ಒತ್ತಡ ಅದರೊಳಗೆ ಬರುತ್ತದೆ. ಪೈಪ್ ಸೋರುತ್ತಿದ್ದಾಗ ಒಳಗೆ ಗಾಳಿ ಸೇರಿತ್ತು. ಪೆಡಲ್ ಮೆತ್ತಗೆ, ಒತ್ತಿದ್ದೆಲ್ಲ ಪೂರ್ತಿ ಪೈಪಿಗೆ ಹೋಗುತ್ತಿರಲಿಲ್ಲ. ನಾನೂ ಹೆದರಿ ನಿಧಾನ ಓಡಿಸುತ್ತಿದ್ದೆ. ಹೊಸ ತುಂಡು ಹಾಕಿ ಏರ್ ತೆಗೆದ ಮೇಲೆ ಪೆಡಲ್ ಗಟ್ಟಿಯಾಯಿತು. ಅಂದರೆ ಪೂರ್ತಿ ಒತ್ತಡ ಈಗ ಹೋಗುತ್ತಿರುವುದು ಎಲ್ಲಿಗೆ? ಪಕ್ಕದಲ್ಲೇ ಉಳಿದ, ಅದೇ ವಯಸ್ಸಿನ, ಅದೇ ಉಪ್ಪು ತಿಂದ ಹಳೇ ಪೈಪಿಗೆ. ಅಡಿಕೆ ತೋಟದಲ್ಲಿ ಹಳೇ ಪೈಪಿನ ಒಂದು ತೂತು ಮುಚ್ಚಿ ಪಂಪ್ ಹಾಕಿದರೆ ನಾಲ್ಕು ಮಾರು ಆಚೆ ಇನ್ನೊಂದು ಕಡೆ ಚಿಮ್ಮುತ್ತದಲ್ಲ, ಹಾಗೆ.

ಇನ್ನೊಂದು ವಿಷಯ ನನಗೆ ಆಮೇಲೆ ಗೊತ್ತಾಯಿತು. ತುಕ್ಕು ಹಿಡಿದ ನಟ್ಟು ಪೈಪಿಗೆ ಕಚ್ಚಿಕೊಂಡಿರುತ್ತದೆ. ನಟ್ಟು ತಿರುಗಿಸಿದರೆ ಪೈಪೂ ಜೊತೆಗೆ ತಿರುಚುತ್ತದೆ. ಒಂದು ತುಂಡು ಬಿಚ್ಚುವ ಗಡಿಬಿಡಿಯಲ್ಲಿ ಬದಲಾಯಿಸದೆ ಬಿಟ್ಟ ತುಂಡಿಗೆ ಏಟು ಬೀಳುತ್ತದೆ. ಅದರ ಮೇಲೆ ನಾನು ಹೊಡೆಸಿದ ಕಪ್ಪು ಬಣ್ಣ. ಒದ್ದೆಯಾದರೂ ಕಾಣುವುದಿಲ್ಲ, ಪದರ ಎದ್ದರೂ ಕಾಣುವುದಿಲ್ಲ. ಮತ್ತು ಎಲ್ಲಕ್ಕಿಂತ ಕೆಟ್ಟದ್ದು, ಗಟ್ಟಿ ಪೆಡಲ್ ನೋಡಿ ನನಗೇ ಧೈರ್ಯ ಬಂತು. "ಬ್ರೇಕ್ ಈಗ ತಾನೇ ಮಾಡಿಸಿದ್ದು" ಅಂತ ಫೋನಿನಲ್ಲಿ ಹೇಳಿದೆ. ಸುಳ್ಳೂ ಅಲ್ಲ, ಸತ್ಯವೂ ಅಲ್ಲ.

ನೋಡಲು ಬಂದವನು ಹಿರಿಯಡ್ಕ ಕಡೆಯ ಹುಡುಗ. ಲೈಸೆನ್ಸ್ ಸಿಕ್ಕಿ ಆರು ತಿಂಗಳಾಗಿತ್ತು. ಜೊತೆಗೆ ಅವನ ಅಮ್ಮ. ಮೊದಲ ಕಾರು ಅಂತ ಅವರು ಮಲ್ಲಿಗೆ ಮುಡಿದು ಬಂದಿದ್ದರು. ಅರವತ್ತೆಂಟು ಸಾವಿರಕ್ಕೆ ಮಾತಾಯಿತು. ಒಮ್ಮೆ ಓಡಿಸಿ ನೋಡುತ್ತೇನೆ ಅಂದ. ಅವನು ಸ್ಟಿಯರಿಂಗ್‌ನಲ್ಲಿ, ನಾನು ಪಕ್ಕದಲ್ಲಿ, ಅಮ್ಮ ಹಿಂದೆ. ಮಣಿಪಾಲದವರೆಗೆ ಏನೂ ಆಗಲಿಲ್ಲ. ಚಂದ ಓಡಿಸುತ್ತಿದ್ದ.

ಮಣಿಪಾಲ ದಾಟಿ ಪರ್ಕಳದ ಕಡೆ ಇಳಿಜಾರು ಉಂಟಲ್ಲ, ಅಲ್ಲಿ ಮುಂದೆ ಹೋಗುತ್ತಿದ್ದ ಬಸ್ಸು ಯಾರೋ ಕೈ ಅಡ್ಡ ಹಿಡಿದರು ಅಂತ ಗಕ್ಕನೆ ನಿಂತಿತು. ಹುಡುಗ ಬ್ರೇಕ್ ಒತ್ತಿದ. ಮೊದಲು ಹಿಡಿಯಿತು. ಆಮೇಲೆ ಪೆಡಲ್ ಕೆಳಗೆ ಹೋಯಿತು. ಈಗಿನ ಕಾರುಗಳಲ್ಲಿ ಬ್ರೇಕ್ ಎರಡು ಭಾಗ ಇರುತ್ತದೆ, ಒಂದು ಹೋದರೂ ಇನ್ನೊಂದು ಉಳಿಯುತ್ತದೆ. ನಾವು ಬದುಕಿದ್ದು ಆ ಉಳಿದ ಅರ್ಧದಿಂದ. ಆದರೆ ಅದು ಹಿಡಿಯುವುದು ಪೆಡಲ್ ತುಂಬ ಕೆಳಗೆ ಹೋದ ಮೇಲೆ, ಹಿಡಿದಾಗ ಕಾರು ಒಂದು ಬದಿಗೆ ಎಳೆಯಲೂಬಹುದು. ಹೊಸ ಡ್ರೈವರ್‌ಗೆ ಇದು ಹೇಗೆ ಗೊತ್ತಿರಬೇಕು? ನಾನು ಹ್ಯಾಂಡ್‌ಬ್ರೇಕ್ ಎಳೆದೆ. ಅವನು ಎಡಕ್ಕೆ ತಿರುಗಿಸಿದ. ಕಾರು ಚರಂಡಿಗೆ ಇಳಿದು ಕೆಂಪು ಕಲ್ಲಿನ ಗೋಡೆಗೆ ಮೂತಿ ಕೊಟ್ಟು ನಿಂತಿತು.

ಅಮ್ಮನ ಹಣೆ ಮುಂದಿನ ಸೀಟಿಗೆ ಬಡಿದು ರಕ್ತ ಬರುತ್ತಿತ್ತು. ನಮ್ಮಿಬ್ಬರಿಗೆ ಏನೂ ಆಗಿರಲಿಲ್ಲ. ಹುಡುಗನ ಕೈ ನಡುಗುತ್ತಿತ್ತು. ಅವನು ನನ್ನ ಕಡೆ ತಿರುಗಿ ಹೇಳಿದ, "ಅಣ್ಣ, ನಾನು ಸರಿ ಒತ್ತಲಿಲ್ಲ ಅಂತ ಕಾಣ್ತದೆ. ನಿಮ್ಮ ಗಾಡಿ ಹಾಳು ಮಾಡಿದೆ. ರಿಪೇರಿ ಖರ್ಚು ನಾನು ಕೊಡ್ತೇನೆ."

ನಾನು ಏನೂ ಹೇಳಲಿಲ್ಲ. ರಿಕ್ಷಾ ನಿಲ್ಲಿಸಿ, ಅವರನ್ನು ಹತ್ತಿಸಿ, ಆಸ್ಪತ್ರೆ ಮುಟ್ಟುವವರೆಗೆ ಹೇಳಲಿಲ್ಲ. ಹತ್ತು ನಿಮಿಷ ಇರಬಹುದು. ಅಷ್ಟು ಹೊತ್ತು ಆ ಹುಡುಗ ತನ್ನಿಂದ ಅಮ್ಮನಿಗೆ ಹೀಗಾಯಿತು ಅಂತ ತಲೆ ಬಗ್ಗಿಸಿ ಕೂತಿದ್ದ. ನಾಲ್ಕು ಹೊಲಿಗೆ ಹಾಕುವಾಗ ಹೊರಗೆ ಕರೆದು ಎಲ್ಲ ಹೇಳಿದೆ. ಅವನು ಬೈಯಲಿಲ್ಲ. "ಮೊದಲೇ ಹೇಳಿದ್ದರೆ ನಾನೇ ಹಾಕಿಸಿಕೊಳ್ತಿದ್ದೆ ಅಲ್ವಾ ಅಣ್ಣ" ಅಂದ, ಅಷ್ಟೇ. ಬೈದಿದ್ದರೆ ಒಳ್ಳೆಯದಿತ್ತು.

ಲೆಕ್ಕ ಬೇಕಾದರೆ ಹೇಳುತ್ತೇನೆ. ಆಸ್ಪತ್ರೆ ಬಿಲ್ಲು ನಾನು ಕೊಟ್ಟೆ. ಇನ್ಶೂರೆನ್ಸ್ ಬರೀ ಥರ್ಡ್ ಪಾರ್ಟಿ, ಹಾಗಾಗಿ ಕಾರಿಗೆ ಒಂದು ಪೈಸೆ ಬರಲಿಲ್ಲ. ಹದಿನೇಳು ಸಾವಿರಕ್ಕೆ ಗುಜರಿಗೆ ಹೋಯಿತು. ಉಳಿಸಿದ್ದು ಮೂರು ಸಾವಿರದ ಆರುನೂರು.

ಈಗ ನಿಮ್ಮ ಪ್ರಶ್ನೆಗೆ ಬರೋಣ. ರಿಪೇರಿಯೋ, ಡಿಸ್ಕೌಂಟೋ ಅನ್ನುವ ಪ್ರಶ್ನೆಯೇ ಸರಿ ಇಲ್ಲ. ನೀವು ಬರೆದಿದ್ದೀರಿ, "ದಿನಾ ಆಫೀಸಿಗೆ ಇದರಲ್ಲೇ ಹೋಗುತ್ತೇನೆ, ಬ್ರೇಕ್ ಈಗ ಚೆನ್ನಾಗಿಯೇ ಇದೆ" ಅಂತ. ಮೊದಲು ಅದನ್ನು ನಿಲ್ಲಿಸಿ. ತುಕ್ಕು ಹಿಡಿದ ಪೈಪ್ ಒಡೆಯುವ ಹಿಂದಿನ ದಿನದವರೆಗೂ ಬ್ರೇಕ್ ಚೆನ್ನಾಗಿಯೇ ಇರಬಹುದು. ಅದು ಒಡೆಯುವುದು ನೀವು ಜೋರಾಗಿ ಒತ್ತಿದಾಗ. ಜೋರಾಗಿ ಒತ್ತುವುದು ಎದುರಿಗೆ ಏನಾದರೂ ಬಂದಾಗ. ಗ್ಯಾರೇಜಿಗೂ ಓಡಿಸಿಕೊಂಡು ಹೋಗಬೇಡಿ, ಮೆಕ್ಯಾನಿಕ್‌ನನ್ನು ಮನೆಗೆ ಕರೆಸಿ ಅಥವಾ ಟೋಯಿಂಗ್ ಗಾಡಿಯಲ್ಲಿ ಕಳಿಸಿ.

"ಇದ್ದ ಸ್ಥಿತಿಯಲ್ಲಿ ಕೊಟ್ಟಿದ್ದೇನೆ ಅಂತ ಬರೆಸಿಕೊಂಡರೆ ಸಾಕು" ಅಂತ ನಿಮಗೆ ಯಾರಾದರೂ ಹೇಳಿದ್ದರೆ ಅದನ್ನು ನಂಬಬೇಡಿ. ಅಪಾಯಕಾರಿ ದೋಷ ಇದೆ ಅಂತ ಗೊತ್ತಿದ್ದೂ ಗಾಡಿಯನ್ನು ರಸ್ತೆಗೆ ಬಿಡುವುದು ಮೋಟಾರು ವಾಹನ ಕಾಯ್ದೆಯ 190ನೇ ಸೆಕ್ಷನ್ ಪ್ರಕಾರ ಅಪರಾಧ. ಇನ್ನು ಆರ್‌ಸಿ ಅವರ ಹೆಸರಿಗೆ ಆಗುವವರೆಗೆ ಅಪಘಾತವಾದರೆ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕನ ಮೇಲೆಯೇ ಬರುತ್ತದೆ, 2018ರಲ್ಲಿ ಸುಪ್ರೀಂ ಕೋರ್ಟ್ ಹಾಗೆಯೇ ಹೇಳಿದೆ. ಮಾರಿದ ಮೇಲೆ ಹೆಸರು ಬದಲಾವಣೆಯ ಫಾರ್ಮ್ 29, 30ಕ್ಕೆ ಸಹಿ ಹಾಕಿ ಕೊಟ್ಟು ಕೂತರೆ ಸಾಲದು. ಹೆಸರು ಬದಲಾಯಿತೋ ಇಲ್ಲವೋ ನೋಡಿ.

ಮಾಡಿಸುವುದಾದರೆ ಪೂರ್ತಿ ಮಾಡಿಸಿ. ಮಧ್ಯೆ ಜಾಯಿಂಟ್ ಹಾಕುತ್ತೇನೆ, ರಬ್ಬರ್ ಹೋಸ್ ಹಾಕಿ ಕ್ಲಿಪ್ ಬಿಗಿಯುತ್ತೇನೆ ಅಂದವರ ಹತ್ತಿರ ನಿಲ್ಲಬೇಡಿ. ಫ್ರಿಜ್ ಕೆಲಸದವರ ತಾಮ್ರದ ಪೈಪ್ ತುಕ್ಕು ಹಿಡಿಯುವುದಿಲ್ಲ ಅಂತ ಕೆಲವರು ಹಾಕುತ್ತಾರೆ. ಗಾಡಿ ಅದುರುವುದಕ್ಕೆ ಅದು ಬಿರುಕು ಬಿಡುತ್ತದೆ. ಪಕ್ಕದಲ್ಲೇ ಪೆಟ್ರೋಲ್ ಪೈಪೂ ಹೋಗಿರುತ್ತದೆ, ಅದನ್ನೂ ನೋಡಿಸಿ, ಅದೇನು ಬೇರೆ ಊರಿನಲ್ಲಿ ಇತ್ತಾ? ಕಪ್ಪು ಕೋಟಿಂಗ್ ಹೊಡೆಸುವ ಹಾಗಿದ್ದರೆ ಎಲ್ಲ ಮುಗಿದ ಮೇಲೆ, ಬಿಲ್ಲು ಮತ್ತು ಹಳೇ ಪೈಪಿನ ಫೋಟೊ ಇಟ್ಟುಕೊಂಡು ಹೊಡೆಸಿ.

ಪೈಪಿನ ಜೊತೆ ಫ್ಲೋರ್, ಮುಂದಿನ ಸಸ್ಪೆನ್ಶನ್ ಹಿಡಿದಿರುವ ಜಾಗ ಎಲ್ಲ ತುಕ್ಕಾಗಿದ್ದರೆ ರಿಪೇರಿಯ ಮಾತೇ ಬೇಡ, ಗುಜರಿಗೆ ಕೊಡಿ. ಆದರೆ ಆರ್‌ಸಿ ರದ್ದು ಮಾಡಿಸದೆ ಬಿಡಬೇಡಿ.

ಭಾನುವಾರ ಬರುವವರಿಗೆ ಇವತ್ತೇ ಫೋನ್ ಮಾಡಿ. ಬಂದು ನೋಡಬಹುದು, ಬೇಕಾದರೆ ಅಡಿಗೆ ಮಲಗಿಯೂ ನೋಡಬಹುದು, ಪೈಪ್ ಬದಲಾಗುವವರೆಗೆ ಓಡಿಸುವುದಕ್ಕೆ ಮಾತ್ರ ಆಗುವುದಿಲ್ಲ ಅಂತ ಹೇಳಿ.