ಗ್ಯಾರೇಜಿನ ಅಂಗಳದಿಂದ: ಹದಿನೇಳು ಕುದುರೆಗಳಲ್ಲಿ ಎಷ್ಟು ಉಳಿದಿವೆ?

ಪ್ರಶ್ನೆ: ಮೆಕ್ಯಾನಿಕ್ ಅಣ್ಣನವರಿಗೆ ನಮಸ್ಕಾರ. ನನ್ನದು 2012ರ ಯಮಹಾ ಆರ್15, ಸೆಕೆಂಡ್ ಹ್ಯಾಂಡ್ ಗಾಡಿ. 46,000 ಕಿ.ಮೀ. ಓಡಿದೆ. ದಾವಣಗೆರೆಯಲ್ಲಿ ಓದುತ್ತಿದ್ದೇನೆ, ಮನೆ ಚಿತ್ರದುರ್ಗದಲ್ಲಿ. ಭಾನುವಾರ ಸಂಜೆ ದುರ್ಗದಿಂದ ಹಿಂದಿರುಗುವಾಗ ಭರಮಸಾಗರದ ಹತ್ತಿರ ಆರನೇ ಗೇರಿನಲ್ಲಿ ಗಾಡಿ ಎಳೆಯುವುದೇ ಇಲ್ಲ. ಲಾರಿ ದಾಟಬೇಕಾದರೆ ಎರಡು ಗೇರ್ ಇಳಿಸಬೇಕು. ಫ್ರೀ ಫ್ಲೋ ಸೈಲೆನ್ಸರ್, ಹತ್ತಿಯ ಏರ್ ಫಿಲ್ಟರ್, ಇರಿಡಿಯಂ ಪ್ಲಗ್ ಮೂರನ್ನೂ 16,000 ರೂಪಾಯಿಗೆ ಹಾಕಿಸಿದರೆ ಐದು ಅಶ್ವಶಕ್ತಿ ಹೆಚ್ಚುತ್ತದೆ ಎಂದು ಒಬ್ಬರು ಹೇಳಿದ್ದಾರೆ. ಹಾಕಿಸಲೇ?
ವಿದ್ಯಾರ್ಥಿ, ದಾವಣಗೆರೆ

ಉತ್ತರ: ಬೇಡ. ಆ ದುಡ್ಡನ್ನು ಈ ತಿಂಗಳ ಮಟ್ಟಿಗೆ ಯಾರ ಕೈಗೂ ಕೊಡಬೇಡಿ.

ನಿಮ್ಮ ಪತ್ರ ಓದಿದಾಗ ನನ್ನ ಮನಸ್ಸಿಗೆ ಮೊದಲು ಬಂದದ್ದು ಗಾಳಿ. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ದುರ್ಗದಿಂದ ದಾವಣಗೆರೆಗೆ ಬರುವವರು ವಾಯವ್ಯಕ್ಕೆ ಮುಖ ಮಾಡಿ ಬರುತ್ತಾರೆ. ಆಷಾಢದ ಗಾಳಿ ಪಶ್ಚಿಮದಿಂದ ಎದುರಾಗುತ್ತದೆ. ಗಂಟೆಗೆ 70 ಕಿ.ಮೀ. ವೇಗದಲ್ಲಿರುವಾಗ ಎದುರಿನಿಂದ 20 ಕಿ.ಮೀ. ಗಾಳಿ ಬೀಸಿದರೆ ನಿಮ್ಮ ಎದೆಗೆ ತಾಗುವ ಗಾಳಿಯ ವೇಗ 90 ಆಗುತ್ತದೆ. ಗಾಳಿಯ ತಡೆ ವೇಗದ ವರ್ಗದಂತೆ ಏರುವುದರಿಂದ ಅದು ಶೇ 65ರಷ್ಟು ಹೆಚ್ಚುತ್ತದೆ. ಶನಿವಾರ ಊರಿಗೆ ಹೋಗುವಾಗ ಇದೇ ಗಾಡಿ ಚೆನ್ನಾಗಿ ಎಳೆಯುತ್ತದೆಯೇ? ಎಳೆಯುತ್ತದೆ ಎಂದಾದರೆ ದೂರಿನಲ್ಲಿ ಅರ್ಧ ಪಾಲು ಗಾಳಿಗೆ ಸೇರಿದ್ದು.

ಇನ್ನು ಗೇರ್ ಇಳಿಸುವ ವಿಷಯ. ನಿಮ್ಮ 149.8 ಸಿಸಿ ಎಂಜಿನ್ ತನ್ನ 17 ಅಶ್ವಶಕ್ತಿಯನ್ನು ಕೊಡುವುದು ನಿಮಿಷಕ್ಕೆ 8,500 ಸುತ್ತಿನಲ್ಲಿ. 5,000 ಸುತ್ತಿನಲ್ಲಿ ಅದರಿಂದ ಸಿಗುವುದು ಹತ್ತರ ಆಸುಪಾಸು ಮಾತ್ರ. ಲಾರಿ ದಾಟಲು ಎರಡು ಗೇರ್ ಇಳಿಸಿದಾಗ ನೀವು ಎಂಜಿನ್ ತನ್ನ ಶಕ್ತಿ ಇಟ್ಟಿರುವ ಜಾಗಕ್ಕೇ ಹೋಗುತ್ತೀರಿ. ಅದು ದೋಷವಲ್ಲ, ಸಣ್ಣ ಸ್ಪೋರ್ಟ್ಸ್ ಗಾಡಿ ಓಡಿಸುವ ಸರಿಯಾದ ಕ್ರಮವೇ ಅದು. ಜೊತೆಗೆ ನಮ್ಮ ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ಶೇ 6ರಷ್ಟು ತೆಳುವಾದ್ದರಿಂದ ಹೊಸ ಗಾಡಿಯೂ ಹದಿನಾರರ ಮೇಲೆ ಹೋಗಲಾರದು.

ಈಗ ಆ ಐದು ಅಶ್ವಶಕ್ತಿಯ ಮಾತು. ಹದಿನೇಳಕ್ಕೆ ಐದು ಸೇರಬೇಕಾದರೆ ಎಂಜಿನ್ ಅದೇ 8,500 ಸುತ್ತಿನಲ್ಲಿ ಶೇ 30ರಷ್ಟು ಹೆಚ್ಚು ಗಾಳಿ ಒಳಗೆಳೆದು ಉರಿಸಬೇಕು, ಇಲ್ಲವೇ ಅದೇ ಎಳೆತವನ್ನು 11,000 ಸುತ್ತಿನವರೆಗೂ ಉಳಿಸಿಕೊಳ್ಳಬೇಕು. ವಾಲ್ವು, ಕ್ಯಾಮ್, ಪಿಸ್ಟನ್ ಎಲ್ಲ ಹಳೆಯದೇ ಇರುವಾಗ ಬಾಲದ ತುದಿಗೆ ಒಂದು ಡಬ್ಬಿ ಬದಲಿಸಿದ ಮಾತ್ರಕ್ಕೆ ಅದು ಆಗುವ ಕೆಲಸವಲ್ಲ. ಬಹಳ ವರ್ಷಗಳ ಹಿಂದೆ ನನ್ನ ಸ್ವಂತ ಗಾಡಿಗೇ ಅಂಥದ್ದೊಂದನ್ನು ಹಾಕಿ ನೋಡಿದ್ದೆ. ಕಿವಿಗೆ ಗಾಡಿ ಹಾರಿದಂತೆ ಕೇಳಿತು. ಸ್ಟಾಪ್‌ವಾಚಿನಲ್ಲಿ 40ರಿಂದ 70ಕ್ಕೆ ಏರಲು ಮೊದಲಿಗಿಂತ ಅರ್ಧ ಸೆಕೆಂಡು ಹೆಚ್ಚೇ ಹಿಡಿಯಿತು. ಹೊಗೆ ಸಲೀಸಾಗಿ ಹೋದರೂ ಪೆಟ್ರೋಲ್ ಅಳೆದು ಕೊಡುವ ಇಸಿಯು ಹಳೆಯ ಲೆಕ್ಕದಲ್ಲೇ ಇರುತ್ತದೆ, ಅಲ್ಪಸ್ವಲ್ಪ ಮಾತ್ರ ಸರಿದೂಗಿಸುತ್ತದೆ. ಪೆಟ್ರೋಲ್ ಸಾಲದೆ ಎಂಜಿನ್ ಬಿಸಿಯೇರುತ್ತದೆ. ಇರಿಡಿಯಂ ಪ್ಲಗ್ ಬಾಳಿಕೆ ಬರುತ್ತದೆ, ಶಕ್ತಿ ಕೊಡುವುದಿಲ್ಲ.

ನನಗೆ ಕಾಳಜಿ ಇರುವುದು ಬೇರೆಡೆ. 46,000 ಕಿ.ಮೀ. ಓಡಿದ ನಿಮ್ಮ ಗಾಡಿಯಲ್ಲಿ ಆ ಹದಿನಾರರಲ್ಲಿ ಎಷ್ಟು ಉಳಿದಿದೆ ಎಂಬುದನ್ನು ಯಾರಾದರೂ ನೋಡಿದ್ದಾರೆಯೇ?

ನಮ್ಮ ತಂದೆ ಇಲ್ಲಿನ ಹತ್ತಿ ಗಿರಣಿಯೊಂದರಲ್ಲಿ ಫಿಟ್ಟರ್ ಆಗಿದ್ದರು. ಯಂತ್ರ ಸೋತರೆ ಹೊಸ ಭಾಗ ಕೇಳುವ ಮೊದಲು ಸಂದು ಅಳೆಯುವ ಫೀಲರ್ ಗೇಜ್ ಕೇಳು ಎನ್ನುತ್ತಿದ್ದರು. ಹೋದ ತಿಂಗಳು ಮಂಡಕ್ಕಿ ಭಟ್ಟಿಯ ಕಡೆಯ ಹುಡುಗನೊಬ್ಬ ಇದೇ ಮಾದರಿಯ ಗಾಡಿ ತಂದಿದ್ದ, ನಿಮ್ಮದೇ ದೂರು. ಏರ್ ಫಿಲ್ಟರ್ ತೆಗೆದು ಬೆಂಚಿನ ಮೇಲೆ ಬಡಿದರೆ ಭತ್ತದ ಹೊಟ್ಟಿನ ಬೂದಿ ಉದುರಿತು. ಕಾಗದದ ಮಡಿಕೆಗಳ ನಡುವೆ ಅದು ಕೊಬ್ಬರಿ ಎಣ್ಣೆಯಂತೆ ಹೆಪ್ಪುಗಟ್ಟಿ ಕೂತಿತ್ತು, ಬೆಳಕಿಗೆ ಹಿಡಿದರೆ ಒಂದು ಕಿರಣವೂ ದಾಟಲಿಲ್ಲ. ಇಂಥ ಗಾಡಿ ಪೇಟೆಯೊಳಗೆ ಚೆನ್ನಾಗಿಯೇ ಓಡುತ್ತದೆ; ಎಕ್ಸಲರೇಟರ್ ಪೂರ್ತಿ ತಿರುಗಿಸಿದಾಗ ಮಾತ್ರ ಉಸಿರು ಕಟ್ಟುತ್ತದೆ. ಎಣ್ಣೆ ಸವರಿದ ಕಾಗದದ ಫಿಲ್ಟರಿಗೆ ಗಾಳಿ ಹೊಡೆದು ಶುಚಿ ಮಾಡಬಾರದು, ಬದಲಿಸಲೇಬೇಕು.

ಆಮೇಲೆ ಟ್ಯಾಪೆಟ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವಿನ ಸಂದು ನೋಡಿದೆ. ರಾತ್ರಿಯಿಡೀ ಆರಿದ ಎಂಜಿನ್ನಿನಲ್ಲಿ ಬೆಳಿಗ್ಗೆ ಮುಚ್ಚಳ ಬಿಚ್ಚಿ ಫೀಲರ್ ಗೇಜಿನ ಎಲೆ ತೂರಿಸಿದರೆ ಎಕ್ಸಾಸ್ಟ್ ಕಡೆ ಎಲೆ ಒಳಗೇ ಹೋಗಲಿಲ್ಲ. ಸಂದು ಮುಚ್ಚಿಹೋಗಿತ್ತು. ಹಾಗಾದಾಗ ಕಾದ ಮೇಲೆ ವಾಲ್ವು ಪೂರ್ತಿ ಕೂರುವುದಿಲ್ಲ, ಒತ್ತಡ ಸೋರಿಹೋಗುತ್ತದೆ, ವಾಲ್ವಿನ ಅಂಚೂ ಸುಡುತ್ತದೆ. ಸದ್ದು ಮಾಡುವ ಟ್ಯಾಪೆಟ್ಟಿಗೆ ಎಲ್ಲರೂ ಹೆದರುತ್ತಾರೆ. ಸದ್ದೇ ಮಾಡದ ಬಿಗಿ ಟ್ಯಾಪೆಟ್ ಅದಕ್ಕಿಂತ ಕೆಟ್ಟದ್ದು. ಕಂಪನಿಯ ಪುಸ್ತಕದಲ್ಲಿರುವ ಅಳತೆಗೆ ಸಂದು ಕೂರಿಸಿದೆವು. ಅದರ ಕೂಲಿ, ಫಿಲ್ಟರ್ ಎರಡೂ ಸೇರಿ ಸಾವಿರ ದಾಟಲಿಲ್ಲ. ಆ ಹುಡುಗ ಮರುದಿನ ಆನಗೋಡಿನವರೆಗೆ ಹೋಗಿ ಅಲ್ಲಿಂದಲೇ ಫೋನ್ ಮಾಡಿದ. ಅವನ ದನಿ ಕೇಳಿ ನನಗೆ ಆದ ಸಂತೋಷ ದೊಡ್ಡದು.

ನೀವೂ ಇವೆರಡನ್ನು ಮೊದಲು ಮಾಡಿಸಿ. ಹಿಂದಿನ ಚಕ್ರ ನೆಲ ಬಿಡುವಂತೆ ಗಾಡಿಯನ್ನು ಎತ್ತಿ ನಿಲ್ಲಿಸಿ ಅದನ್ನು ಕೈಯಿಂದ ತಿರುಗಿಸಿ; ಬ್ರೇಕ್ ಹಿಡಿದುಕೊಂಡಿದ್ದರೆ ಅಲ್ಲೇ ತಿಳಿಯುತ್ತದೆ. ಟಯರಿನ ಗಾಳಿ, ಚೈನಿನ ಸಡಿಲವನ್ನೂ ಪುಸ್ತಕ ನೋಡಿಯೇ ಇಡಿ. ಮೇಲಿನ ಗೇರಿನಲ್ಲಿ ಸುತ್ತು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ ಎಂದರ್ಥ. ಹಿಂದಿನ ಮಾಲೀಕರು ಕಾರಿನ ಆಯಿಲ್ ಹಾಕಿದ್ದರೂ ಹೀಗಾಗಬಹುದು. ಆಯಿಲ್ ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 ಎಂದು ಇರಬೇಕು, ಬೈಕಿನ ಕ್ಲಚ್ಚಿಗೆ ಹೊಂದುವ ಆಯಿಲಿನ ಗುರುತು ಅದು.

ಇಷ್ಟಾದ ಮೇಲೂ ಎಳೆತ ಸಾಲದು ಅನ್ನಿಸಿದರೆ, ಚೈನ್ ಸೆಟ್ ಬದಲಿಸುವ ಕಾಲ ಬಂದಾಗ ಹಿಂದಿನ ಸ್ಪ್ರಾಕೆಟ್ಟಿಗೆ ಎರಡು ಹಲ್ಲು ಹೆಚ್ಚು ಇರುವುದನ್ನು ಹಾಕಿಸಿ. ಶಕ್ತಿ ಒಂದಿಷ್ಟೂ ಹೆಚ್ಚುವುದಿಲ್ಲ, ಆದರೆ ಹಿಂದಿನ ಚಕ್ರಕ್ಕೆ ಪ್ರತಿ ಗೇರಿನಲ್ಲೂ ಶೇ 4ರಿಂದ 5ರಷ್ಟು ಹೆಚ್ಚು ಎಳೆತ ಸಿಗುತ್ತದೆ. ಅದೇ ವೇಗಕ್ಕೆ ಎಂಜಿನ್ ಅಷ್ಟೇ ಹೆಚ್ಚು ತಿರುಗುತ್ತದೆ, ಮೈಲೇಜ್ ತುಸು ಇಳಿಯುತ್ತದೆ. ಮುಂದಿನದರಲ್ಲಿ ಒಂದು ಹಲ್ಲು ಕಳೆದರೆ ಅಗ್ಗವೆಂದು ಕೆಲವರು ಹೇಳುತ್ತಾರೆ. ಸಣ್ಣ ಸುತ್ತಿನಲ್ಲಿ ಬಾಗಿ ಚೈನ್ ಬೇಗ ಸವೆಯುತ್ತದೆ, ನನಗೆ ಅದು ಒಪ್ಪಿಗೆಯಿಲ್ಲ.

ಪ್ರತಿ ಕೆಲಸದ ಹಿಂದೆ ಮುಂದೆ ಅಳೆದು ನೋಡಿ. ಗಾಳಿ ಏಳದ ಬೆಳಗಿನ ಹೊತ್ತು, ಸಂಚಾರವಿಲ್ಲದ ನೇರ ರಸ್ತೆಯಲ್ಲಿ, ಮೊಬೈಲನ್ನು ಮೀಟರಿನ ಕಡೆ ಭದ್ರವಾಗಿ ಕಟ್ಟಿ ವಿಡಿಯೊ ಮಾಡಿ. ಮೂರನೇ ಗೇರಿನಲ್ಲಿ 30ರಿಂದ 60ಕ್ಕೆ ಎಷ್ಟು ಸೆಕೆಂಡು ಎಂದು ಹೋಗುವಾಗಲೂ ಬರುವಾಗಲೂ ಅಳೆದು ಸರಾಸರಿ ತೆಗೆಯಿರಿ. ಸ್ಪ್ರಾಕೆಟ್ ಬದಲಿಸಿದ್ದರೆ ಮಾತ್ರ ಮೀಟರನ್ನು ನಂಬಬೇಡಿ. ಗೇರ್ ಬಾಕ್ಸಿನಿಂದ ವೇಗ ಓದುವ ಗಾಡಿಗಳಲ್ಲಿ ಅದು ತಪ್ಪು ತೋರಿಸುತ್ತದೆ. ಆಗ ಮೊಬೈಲಿನ ಜಿಪಿಎಸ್ ವೇಗ ಹಿಡಿಯಿರಿ.

ಪ್ರಶ್ನೆ: ನನ್ನದೂ ಆರ್15, ಹಳೆಯ ಮಾದರಿ. ಬೋರನ್ನು 62 ಮಿ.ಮೀ.ಗೆ ಕೊರೆದು ದೊಡ್ಡ ಪಿಸ್ಟನ್ ಕೂರಿಸಿಕೊಡುತ್ತೇವೆ ಎಂದು ಲೇತ್‌ನವರು ಹೇಳುತ್ತಾರೆ. ಒಪ್ಪಬಹುದೇ?
ಓದುಗರು, ಚಳ್ಳಕೆರೆ

ಉತ್ತರ: ದಯವಿಟ್ಟು ಒಪ್ಪಬೇಡಿ. ಆ ಎಂಜಿನ್ನಿನ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ 57 ಮಿ.ಮೀ.; ಸ್ಟ್ರೋಕ್, ಅಂದರೆ ಪಿಸ್ಟನ್ ಚಲಿಸುವ ದೂರ 58.7. 62ಕ್ಕೆ ಕೊರೆದರೆ 177 ಸಿಸಿ ಆಗುತ್ತದೆ, ಲೆಕ್ಕ ಸರಿ. ಆದರೆ ಅದರ ಸಿಲಿಂಡರ್ ಡಯಾಸಿಲ್, ಸಿಲಿಕಾನ್ ಬೆರೆಸಿದ ಅಲ್ಯೂಮಿನಿಯಂ. ಒಳಗೆ ಬೀಡು ಕಬ್ಬಿಣದ ಲೈನರ್ ಇಲ್ಲ. ಹಳೆಯ ಗಾಡಿಗಳ ಹಾಗೆ ಕೊರೆದು ಹೋನಿಂಗ್ ಮಾಡಿದರೆ ಪಿಸ್ಟನ್ ಉಜ್ಜುವ ಆ ಗಟ್ಟಿ ಮೈಯೇ ಕೆಡುತ್ತದೆ, ಕೆಲವೇ ದಿನಗಳಲ್ಲಿ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಓಡುವಾಗ ಕಚ್ಚಿಕೊಂಡರೆ ಹಿಂದಿನ ಚಕ್ರ ನಿಂತುಬಿಡುತ್ತದೆ, ಸವಾರ ನೆಲಕ್ಕೆ ಬೀಳುತ್ತಾನೆ. ಅಲ್ಲದೆ ಆರ್‌ಸಿಯಲ್ಲಿ ಬರೆದಿರುವ ಸಿಸಿ ಒಂದು, ಗಾಡಿಯಲ್ಲಿರುವುದು ಇನ್ನೊಂದು ಎಂದಾಗುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದನ್ನು ನಿಷೇಧಿಸುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಅಪಘಾತವಾದರೆ ವಿಮೆಯ ಹಣಕ್ಕೂ ತಕರಾರು ಬರುತ್ತದೆ.

ಪ್ರಶ್ನೆ: ಹೆಚ್ಚು ಆಕ್ಟೇನಿನ ದುಬಾರಿ ಪೆಟ್ರೋಲ್ ಹಾಕಿದರೆ ಪಿಕಪ್ ಹೆಚ್ಚುತ್ತದೆಯೇ?
ಓದುಗರು, ಹರಿಹರ

ಉತ್ತರ: ಸಾಮಾನ್ಯ ಪೆಟ್ರೋಲಿಗೆಂದೇ ಹೊಂದಿಸಿದ ಎಂಜಿನ್ನಿನಲ್ಲಿ ಹೆಚ್ಚುವುದಿಲ್ಲ. ಆಕ್ಟೇನ್ ಎಂದರೆ ಸಮಯಕ್ಕೆ ಮೊದಲೇ ಹೊತ್ತಿಕೊಳ್ಳದಂತೆ ತಡೆಯುವ ಗುಣ, ಉರಿಯುವ ಶಕ್ತಿಯಲ್ಲ. ಏರು ಹತ್ತುವಾಗ ಎಂಜಿನ್ನಿನಲ್ಲಿ ಕಟಕಟ ಸದ್ದು ಬರುತ್ತಿದ್ದರೆ ಒಂದು ಟ್ಯಾಂಕ್ ಹಾಕಿ ನೋಡಿ. ಸದ್ದು ನಿಂತರೆ ಒಳಗೆ ಇಂಗಾಲ ಕಟ್ಟಿರುವ ಸಾಧ್ಯತೆ ಹೆಚ್ಚು, ಅದನ್ನು ತೆಗೆಸಿ. ಸದ್ದೇ ಇಲ್ಲದಿದ್ದರೆ ಎಂದಿನ ಪೆಟ್ರೋಲೇ ಸಾಕು.